ಕಂಪನಿಗೆ ಬೆರಳಿದೆಯೇ?

"ವಿಚಾರಣೆ ಅಮ್ಮ ಬಂದ್ರು, ಬಾಗಿಲು ಹಾಕ್ರಪ್ಪಾ!" ಎಂದು ನೆರೆಹೊರೆಯವರು ಅಂಗಡಿಯವರಿಗೆ ಕೂಗಿ ನಗುತ್ತಿದ್ದರು, ಚೀಲ ಹಿಡಿದು ಅತ್ತೆಯ ಹಿಂದೆ ನಡೆಯುವ ಸೊಸೆಗೆ ನಾಚಿಕೆಯಿಂದ ಜೀವ ಹಿಡಿಯಷ್ಟಾಗುತ್ತಿತ್ತು. ಪೊರಕೆಯಿರಲಿ, ಸೋಪಿರಲಿ, ಅತ್ತೆ ಮೊದಲು ಕೇಳುತ್ತಿದ್ದುದು ಬೆಲೆಯನ್ನಲ್ಲ. "ಇದನ್ನ ಮಾಡ್ದೋರು ಯಾರು?" ಅಂಗಡಿಯವ "ಕಂಪನಿದಮ್ಮಾ" ಎಂದನೋ, ಅವನ ಕಥೆ ಮುಗಿಯಿತು. "ಕಂಪನಿಗೆ ಬೆರಳಿದ್ಯೇನಪ್ಪಾ?" ಹಾಗಾಗಿ ಮನೆಗೆ ಪೊರಕೆ ಬರುತ್ತಿದ್ದುದು ಕಣ್ಣಿಲ್ಲದವರ ಕಾರ್ಖಾನೆಯಿಂದ. ಅದು ಸೊಟ್ಟಗಿದೆ ಎಂದರೆ, "ಕಸಕ್ಕೇನು ಗೊತ್ತಾಗುತ್ತೆ ಬಿಡು" ಎನ್ನುತ್ತಿದ್ದರು. ಸಕ್ಕರೆಯ ವಿಚಾರಣೆಗೆ ಉತ್ತರ ಸಿಗದೆ ಮನೆಮಂದಿಯೆಲ್ಲ ಮೂರು ತಿಂಗಳು ಸಪ್ಪೆ ಚಹಾ ಕುಡಿದರು. "ಲೋಕಕ್ಕೆಲ್ಲ ನೀವೊಬ್ರೇ ಯಜಮಾನ್ತೀನಾ ಅತ್ತೆ?" ಎಂದು ಸೊಸೆ ಸಿಡುಕಿದ ದಿನ, ಅತ್ತೆ ತುದಿಯಿಲ್ಲದ ತೋರುಬೆರಳನ್ನು ಅವಳ ಮೂಗಿನ ಮುಂದೆ ಎತ್ತಿ ಹಿಡಿದರು. "ಹನ್ನೆರಡು ವರ್ಷದವಳಿದ್ದಾಗ ಬಟ್ಟೆ ಮಿಲ್ಲಿನ ಯಂತ್ರ ತಿಂದಿದ್ದು ಕಣೇ. ಆ ಬಟ್ಟೆ ಉಟ್ಟೋರು ಒಬ್ರಾದ್ರೂ ಕೇಳಿದ್ರಾ, ನೇಯ್ದೋರು ಯಾರು ಅಂತ?" ಅಂದಿನಿಂದ ಸೊಸೆ ತಲೆಯೆತ್ತಿ ಚೀಲ ಹಿಡಿದಳು. ಅತ್ತೆ ತೀರಿಕೊಂಡ ಬೆಳಿಗ್ಗೆ ಭಾವ ಪೇಟೆಯಿಂದ ಬಿಳಿಬಟ್ಟೆ ತಂದರು. "ನೇಯ್ದೋರು ಯಾರು?" ಎಂದಳು ಸೊಸೆ. "ಯಾವುದೋ ಕಂಪನಿದು. ಈಗ್ಯಾಕಮ್ಮ ಅದೆಲ್ಲ? ಹೊತ್ತಾಗ್ತಿದೆ." "ಕಂಪನಿಗೆ ಬೆರಳಿದ್ಯಾ, ಭಾವ?" ಸೊಸೆ ಬಾಗಿಲಿಗೆ ಅಡ್ಡ ನಿಂತಳು. ಹೊರುವವರು ಗೊಣಗಿದರು, ನೆಂಟರು ಗದರಿದರು, ಅವಳು ಜಪ್ಪಯ್ಯ ಅನ್ನಲಿಲ್ಲ. ಹೇಳಿಕಳಿಸಿದ ಮೇಲೆ ಬೀದಿಯ ಕೊನೆಯ ಹೆಂಗಸರ ನೇಕಾರ ಸಂಘದಿಂದ ನೇಯ್ದವಳೇ ಬಟ್ಟೆ ತಂದು, ತನ್ನ ಕೈಯಾರೆ ಹೊದಿಸಿದಳು. ಆಮೇಲೆಯೇ ಸೊಸೆ ದಾರಿ ಬಿಟ್ಟಿದ್ದು, ಅತ್ತೆ ಹೊಸ್ತಿಲು ದಾಟಿದ್ದು.