ಜಿಲಾನಿ ಕಲೆಕ್ಷನ್

ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ ಗಂಗಾವತಿಯ ತಹಸೀಲ್ದಾರ್ ಕಚೇರಿ ಮುಂದೆ ನಾವು ಕೂಲಿ ಹೆಚ್ಚಿಸಬೇಕೆಂದು ಧರಣಿ ಕೂತಿದ್ದೆವು. ಭಾಷಣ ಮಾಡುವವರಿಗೆ ನಮ್ಮಲ್ಲಿ ಬರವಿರಲಿಲ್ಲ, ಕೇಳುವವರಿಗಿತ್ತು. ಮಧ್ಯಾಹ್ನದ ಬಿಸಿಲಿಗೆ ಜನ ಒಬ್ಬೊಬ್ಬರಾಗಿ ಬೇವಿನ ಮರದ ಕಡೆ ಸರಿಯುತ್ತಿದ್ದಾಗ, ಗದ್ದೆಯಲ್ಲಿ ನಾಟಿ ಮಾಡುವ ಹಂಪವ್ವ ಎದ್ದು ನಿಂತು ಹಾಡಿದಳು. ಸರಿದವರು ತಿರುಗಿ ಬಂದರು. ಕಚೇರಿಯ ಜವಾನರು ಕಿಟಕಿಗೆ ಬಂದರು. ಮುಂದಿನ ಸಾಲಿನಲ್ಲಿ ಟೇಪ್‌ರೆಕಾರ್ಡರನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಜಿಲಾನಿ, ರೈಸ್‌ಮಿಲ್ಲಿನ ಹಮಾಲ. ನಾವು ಘೋಷಣೆ ಕೂಗುವಾಗಲೂ ಅವನ ಕೈ ಮೇಲೇಳಲಿಲ್ಲ. ಎದ್ದರೆ ಟೇಪು ಅಲುಗುತ್ತದೆ.

ಜಿಲಾನಿ ಅಂಥವನು. ದಿನವೆಲ್ಲ ಅಕ್ಕಿ ಚೀಲ ಹೊರುತ್ತಿದ್ದ. ಸಿಕ್ಕ ರಜೆಯನ್ನೆಲ್ಲ ಹಾಡು ಇದ್ದಲ್ಲಿಗೆ ಹೋಗಿ ಕಳೆಯುತ್ತಿದ್ದ. ಕುಷ್ಟಗಿ ಕಡೆ ಭಜನೆಯಿದ್ದರೆ ಅಲ್ಲಿ, ಯಲಬುರ್ಗಾ ಕಡೆ ಮೊಹರಂ ಪದಗಳಿದ್ದರೆ ಅಲ್ಲಿ, ಎಲ್ಲೋ ಬಯಲಾಟವಿದ್ದರೆ ಅದರ ಹಿಮ್ಮೇಳದ ಕಾಲಬುಡದಲ್ಲಿ. ಲಾರಿ ಸಿಕ್ಕರೆ ಲಾರಿ, ಇಲ್ಲದಿದ್ದರೆ ನಡಿಗೆ. ಅಂಗಡಿಯಲ್ಲಿ ಮಾರುವ ಕ್ಯಾಸೆಟ್ಟು ಅವನಿಗೆ ಸೇರುತ್ತಿರಲಿಲ್ಲ. ಯಾಕೆಂದು ಕೇಳಿದರೆ, “ಅದರಾಗ ಒಬ್ರೂ ಕೆಮ್ಮಂಗಿಲ್ಲ ನೋಡ್ರಿ, ಮನಷ್ಯಾರ ಇಲ್ಲದಂಗ ಅನಸ್ತೈತಿ” ಎನ್ನುತ್ತಿದ್ದ.

ಮನೆಯಲ್ಲಿ ಕಪಾಟು ತುಂಬಿ, ಟ್ರಂಕು ತುಂಬಿ, ಕ್ಯಾಸೆಟ್ಟುಗಳು ಹಿಟ್ಟಿನ ಡಬ್ಬಿಗೂ ಇಳಿದವು. ಅವನ ಹೆಂಡತಿ ಮೈಮುನಬಿ ಮಾತಿಗೆ ಬಡವಿಯಲ್ಲ. “ಈ ಮನ್ಯಾಗ ನಮಗಿಂತ ಹಾಡೋರ ಭಾಳ ಅದಾರ” ಎಂದು ಬಂದವರ ಮುಂದೆ ಹೇಳುವಳು. “ಒಬ್ಬರರ ಒಂದಿನ ಕಸಾ ಹೊಡದಿಲ್ಲ.” ಜಿಲಾನಿ ನಗುತ್ತ ಕೂರುವನು.

ಹಂಪವ್ವ ಅದೇ ಓಣಿಯವಳು, ಅವನ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಗಂಡ ಲಕ್ಷ್ಮಣಪ್ಪ ಕಾಲುವೆ ಹೂಳು ತೆಗೆಯುವ ಕೆಲಸದವನು. ಒಬ್ಬಳೇ ಮಗಳು ಸಹನಾ. ಜಿಲಾನಿ ಹಂಪವ್ವನನ್ನು ಅಕ್ಕಾ ಎಂದು ಕರೆಯುತ್ತಿದ್ದ. ಧರಣಿಯಲ್ಲಿ ಹಾಡಿದ್ದನ್ನು ಅವಳಿಗೇ ಕೇಳಿಸಿದಾಗ ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕು, ಇದೇನು ಕತ್ತೆ ಒದರಿದಂಗ ಐತಿ ಎಂದಿದ್ದಳಂತೆ. ಆಮೇಲೆ ಮದುವೆಯ ಹಾಡು, ನಾಟಿಯ ಹಾಡು ಎಲ್ಲವನ್ನೂ ಅವನು ಕೇಳಿ ಕೇಳಿ ಹಾಡಿಸಿಕೊಂಡ. ಅವಳು ಒಲ್ಲೆ ಎನ್ನಲಿಲ್ಲ.

ವರ್ಷಗಳು ಹೋದವು. ತೌಡಿನ ಧೂಳು ಹೊಕ್ಕು ಕ್ಯಾಸೆಟ್ಟುಗಳು ಎಳೆದು ಎಳೆದು ಹಾಡತೊಡಗಿದವು. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲು ಬಂತು. ಬಸ್‌ಸ್ಟ್ಯಾಂಡ್ ಹತ್ತಿರ ಯಂಕೇಶನೆಂಬವನು ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವ ಅಂಗಡಿ ಇಟ್ಟ. ಜಿಲಾನಿ ಹಳೆಯದನ್ನೆಲ್ಲ ಅವನ ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಕಾರ್ಡಿಗೆ ಹಾಕಿಸಿಕೊಂಡ. ಒಂದು ಮನೆ ತುಂಬಿದ್ದ ಹಾಡು ಉಗುರಿನಷ್ಟು ಅಗಲದ ಚೂರಿನಲ್ಲಿ ಕೂತಿತು. ಹೊಸದು ಬೇಕಾದರೆ ಫೋನನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರೆ ಸಾಕು, ಯಾರಿಗೂ ಗೊತ್ತಾಗುವುದಿಲ್ಲ.

ಆ ಕಾಲದಲ್ಲೇ ಸಹನಾ ಕಾಮಾಲೆಯಾಗಿ ತೀರಿಕೊಂಡಳು. ಹತ್ತನೇ ಇಯತ್ತೆ ಮುಗಿಸಿದ್ದ ಹುಡುಗಿ.

ನಮ್ಮ ಕಡೆಯ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿಕೊಂಡು ಅಳುತ್ತಾರೆ. ಸತ್ತವರು ಉಂಡದ್ದು, ಉಟ್ಟದ್ದು, ಜಗಳವಾಡಿದ್ದು ಎಲ್ಲ ಅದರಲ್ಲಿ ಬರುತ್ತದೆ. ಅದು ಹೆಣಕ್ಕೆ ಹೇಳುವ ಮಾತು. ಮಣ್ಣಾದ ಮೇಲೆ ಅದನ್ನು ಯಾರೂ ತಿರುಗಿ ಹಾಡುವುದಿಲ್ಲ, ಚೆನ್ನಾಗಿತ್ತು ಅಂತಲೂ ಯಾರೂ ಹೇಳುವುದಿಲ್ಲ. ಹಂಪವ್ವ ಅವತ್ತು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು.

“ಹೊಸಾ ಚಪ್ಪಲಿ ಹೊಸ್ತಿಲದಾಗ ಬಿಟ್ಟು ಎಲ್ಲಿಗೆ ಹೊಂಟಿ ನನ ಮಗಳಾ, ಬರಿಗಾಲಿಗೆ ಮುಳ್ಳು ಮುರಿದರ ಯಾರನ್ನ ಕರೀತಿ ನನ ಮಗಳಾ...”

ಲಾಠಿಗೆ ಅಳದ ನಮ್ಮ ಸಂಘದ ಗಂಡಸರು ಗೋಡೆಗೆ ಮುಖ ಹಾಕಿ ನಿಂತಿದ್ದರು. ಜಿಲಾನಿಯೂ ಅಲ್ಲಿದ್ದ, ಅವನ ಕಣ್ಣಲ್ಲೂ ನೀರಿತ್ತು. ಕಿಸೆಯಲ್ಲಿ ಫೋನಿನ ರೆಕಾರ್ಡಿಂಗ್ ನಡೆಯುತ್ತಿತ್ತು. ಅವನು ಕೆಟ್ಟವನಲ್ಲ. ದನಿ ಕಿವಿಗೆ ಬಿದ್ದರೆ ಎದುರಿಗೆ ಹೆಣವಿದೆ ಅನ್ನುವುದೂ ಅವನಿಗೆ ಕಾಣುತ್ತಿರಲಿಲ್ಲ, ಅಷ್ಟೆ. ಅಷ್ಟೇ ಸಾಕಾಯಿತು.

ಅದನ್ನು ಅವನು ಯಾರಿಗೂ ಕೇಳಿಸಲಿಲ್ಲ. ಮಿಲ್ಲಿನಲ್ಲಿ ಊಟದ ಹೊತ್ತಿಗೆ ಚೀಲಗಳ ಮರೆಗೆ ಕೂತು ಒಬ್ಬನೇ ಕೇಳುತ್ತಿದ್ದನಂತೆ. ಇಂಥ ದನಿ ಇನ್ನು ಹುಟ್ಟುವುದಿಲ್ಲ, ಇದು ಮಣ್ಣಾಗಬಾರದು ಎಂದು ಅವನ ಲೆಕ್ಕ. ಆದರೆ ಒಂದು ದಿನ ಕಾರ್ಡು ತೆರೆದುಕೊಳ್ಳದಾಯಿತು. ಪ್ರಾಣ ಹೋದವನ ಹಾಗೆ ಯಂಕೇಶನ ಅಂಗಡಿಗೆ ಓಡಿದ. ಯಂಕೇಶ ಅದರಲ್ಲಿದ್ದುದನ್ನೆಲ್ಲ ಹೇಗೋ ಎಳೆದು ಕಂಪ್ಯೂಟರಿಗೆ ಹಾಕಿ, ಹೊಸ ಕಾರ್ಡಿಗೆ ತುಂಬಿಕೊಟ್ಟ. ಕಂಪ್ಯೂಟರಿನಲ್ಲಿ ಉಳಿದದ್ದಕ್ಕೆ ‘ಜಿಲಾನಿ ಕಲೆಕ್ಷನ್’ ಎಂದು ಹೆಸರಿಟ್ಟ.

ಜಿಲಾನಿ ಅದನ್ನು ತೆಗೆಸಬಹುದಿತ್ತು. ತೆಗೆಸಲಿಲ್ಲ. ಹಳ್ಳಿಯಿಂದ ಬಂದವರು ಅಂಗಡಿಯ ಮುಂದೆ ನಿಂತು ಜಿಲಾನಿ ಕಲೆಕ್ಷನ್ ಹಾಕ್ರಿ ಎನ್ನುವುದನ್ನು ಅವನು ಚಹಾದಂಗಡಿಯಲ್ಲಿ ಕೂತು ಕೇಳುತ್ತಿದ್ದ. ಬೆನ್ನು ಬಾಗಿಸಿ ಬದುಕಿದವನಿಗೆ ತನ್ನ ಹೆಸರು ಅಷ್ಟು ಸಲ ಕಿವಿಗೆ ಬಿದ್ದದ್ದು ಅದೇ ಮೊದಲು. ಆ ಹಾಡುಗಳ ನಡುವೆ ಹಂಪವ್ವನ ಅಳುವೂ ಇದೆ ಎಂಬುದು ನೆನಪಾಗಲಿಲ್ಲವೋ, ಆಗಿಯೂ ಸುಮ್ಮನಿದ್ದನೋ, ನಾನು ಕೇಳಿಲ್ಲ.

ಮುಂದಿನ ನಾಟಿಯ ಹಂಗಾಮಿನಲ್ಲಿ ಹಂಪವ್ವ ಶ್ರೀರಾಮನಗರದ ಹತ್ತಿರ ಗದ್ದೆಯಲ್ಲಿದ್ದಳು. ಮದುವೆ ದಿಬ್ಬಣದ ಟ್ರ್ಯಾಕ್ಟರೊಂದು ಸೌಂಡ್ ಬಾಕ್ಸ್ ಹೇರಿಕೊಂಡು ಕಾಲುವೆ ದಾರಿಯಲ್ಲಿ ಬಂತು. ನೆಲ ಅದುರುವ ಡಿಜೆ ಬಡಿತ. ಬಡಿತದ ನಡುವೆ ಒಂದು ಹೆಣ್ಣುದನಿ ತುಂಡು ತುಂಡಾಗಿ, ಮತ್ತೆ ಮತ್ತೆ: ಎಲ್ಲಿಗೆ ಹೊಂಟಿ, ಎಲ್ಲಿಗೆ ಹೊಂಟಿ, ನನ ಮಗಳಾ, ನನ ಮಗಳಾ. ಹುಡುಗರು ಟವೆಲ್ಲು ತಿರುಗಿಸುತ್ತ ಕುಣಿಯುತ್ತಿದ್ದರು. ಸಾಲಿನ ಹೆಂಗಸರು ಬಗ್ಗಿದ ಬೆನ್ನು ನೆಟ್ಟಗೆ ಮಾಡಿದರು. ಹಂಪವ್ವ ಕೈಯಲ್ಲಿದ್ದ ಸಸಿಯ ಕಟ್ಟು ಮುಗಿಯುವ ತನಕ ನಾಟಿ ಮಾಡಿ, ಬದುವಿಗೆ ಹತ್ತಿ, ಕಾಲಿನ ಕೆಸರು ತೊಳೆಯದೆ ಗಂಗಾವತಿಗೆ ಬಂದಳು ಎಂದು ಜೊತೆಯವರು ಹೇಳಿದರು.

ಜಿಲಾನಿ ಮನೆಯ ಕಟ್ಟೆಯ ಮೇಲೆ ಉಣ್ಣುತ್ತ ಕೂತಿದ್ದ. ನಾನು ಮಿಲ್ಲಿನ ಸಂಘದ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದೆ. ಅವಳು ಕೂಗಾಡಲಿಲ್ಲ.

“ಜಿಲಾನಿ, ಅವತ್ತು ನಿನ್ನ ಕಿಸೇದಾಗ ಏನಿತ್ತಪಾ?”

“ಫೋನಿತ್ತಕ್ಕಾ.”

“ತಗದ್ಹಾಕು.”

ಅವನು ಎಡಗೈಯಲ್ಲೇ ಫೋನು ತೆಗೆದು, ಅವಳೆದುರಿಗೆ ಆ ಅಳುವನ್ನು ತೆಗೆದುಹಾಕಿದ.

“ಹೋತೇನು?”

“ನನ್ನ ಫೋನಿನಾಗಿಂದು ಹೋತಕ್ಕಾ.”

“ಟ್ಯಾಕ್ಟರಿನಾಗಿಂದು?”

ಜಿಲಾನಿ ತಟ್ಟೆ ನೋಡುತ್ತ ಕೂತ. ಒಳಗಿಂದ ಮೈಮುನಬಿ ಬಂದು ಹಂಪವ್ವನ ಕೈ ಹಿಡಿಯಲು ಹೋದಳು. ಹಂಪವ್ವ ಕೈ ಬಿಡಿಸಿಕೊಂಡಳು.

ಹಂಪವ್ವ, ಜಿಲಾನಿ, ನಾನು ಮೂವರೂ ಯಂಕೇಶನ ಅಂಗಡಿಗೆ ಹೋದೆವು. ಅವನು ತಕರಾರಿಲ್ಲದೆ ಆ ಅಳುವನ್ನು ಕಂಪ್ಯೂಟರಿನಿಂದ ತೆಗೆದ. ಯಾರು ಒಯ್ದರು, ಎಲ್ಲಿ ಬಡಿತ ಕೂಡಿಸಿದರು, ಎಷ್ಟು ಊರಿಗೆ ಹೋಗಿದೆ, ತನಗೆ ಗೊತ್ತಿಲ್ಲ ಎಂದ. ಜಾನಪದ ಅಂತ ತಿಳಿದಿದ್ದೆ ಅಕ್ಕಾ ಎಂದೂ ಹೇಳಿದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಪೊಲೀಸರ ಹತ್ತಿರ ಹೋಗೋಣವೆಂದು ನಾನು ಅಂದೆ. ನಮಗೆ ಬರುವುದು ಅದೊಂದೇ, ಯಾರದಾದರೂ ಕಚೇರಿ ಮುಂದೆ ಕೂರುವುದು. ಹಂಪವ್ವ ನನ್ನ ಮುಖ ನೋಡಿದಳು. ಯಾರ ವಿರುದ್ಧ ಕೂರುವುದೆಂದು ನನಗೂ ಹೊಳೆಯಲಿಲ್ಲ.

ಅಂದಿನಿಂದ ಅವಳು ಹಾಡಲಿಲ್ಲ. ಧರಣಿಗೆ ಬರುತ್ತಿದ್ದಳು, ಘೋಷಣೆ ಕೂಗುತ್ತಿದ್ದಳು, ಹಾಡಿನ ಹೊತ್ತಿಗೆ ನೀರು ಕುಡಿಯಲು ಎದ್ದು ಹೋಗುತ್ತಿದ್ದಳು. ಯಂಕೇಶನಿಗೆ ಹೇಳಿ ಜಿಲಾನಿ ತನ್ನ ಹೆಸರಿನ ಕಲೆಕ್ಷನ್ ಪೂರ್ತಿ ತೆಗೆಸಿದ. ಅಷ್ಟು ಹೊತ್ತಿಗೆ ಅದು ಎಲ್ಲರ ಬಳಿ ಇತ್ತು. ಟ್ರ್ಯಾಕ್ಟರು ಕಂಡರೆ ಕೈಯಡ್ಡ ಹಾಕಿ, ಆ ಹಾಡು ತೆಗೀರಪ್ಪಾ ಎಂದು ಬೇಡಿಕೊಳ್ಳುತ್ತಿದ್ದ. ಕೆಲವರು ತೆಗೆದರು. ಕೆಲವರು ದನಿ ಹೆಚ್ಚಿಸಿ ಹೋದರು. ಒಮ್ಮೆ ಏಟೂ ತಿಂದ.

ಕೆಲವು ವರ್ಷಗಳ ಮೇಲೆ ಲಕ್ಷ್ಮಣಪ್ಪ ತೀರಿಕೊಂಡ. ಮುಂಜಾನೆಯೇ ಓಣಿ ಸೇರಿತು. ಹೆಂಗಸರು ಹೆಣದ ಸುತ್ತ ಕೂತು, ಹಂಪವ್ವ ದನಿ ಎತ್ತಿಕೊಡಲೆಂದು ಕಾದರು. ಮೊದಲ ಮಾತು ಹೆಂಡತಿಯದು. ಅವಳು ಸುತ್ತ ನೋಡಿದಳು. ಬರಲಾಗದ ನೆಂಟರಿಗೆ ಹೆಣ ತೋರಿಸಲು ಒಬ್ಬ ವೀಡಿಯೊ ಕಾಲ್ ಮಾಡಿ ಫೋನು ಎತ್ತಿ ಹಿಡಿದಿದ್ದ. ಹಂಪವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ಜಿಲಾನಿ ಅದನ್ನು ಕಂಡ. ಅವರ ಮನೆಯದೇ ಒಂದು ಬುಟ್ಟಿ ಎತ್ತಿಕೊಂಡು ಒಬ್ಬೊಬ್ಬರ ಮುಂದೆ ಹಿಡಿದ. ಗೊಣಗಿದರು, ಒಬ್ಬ ಬೈದ. ನಮ್ಮ ಸಂಘದವರೇ ಮೊದಲು ಫೋನು ಹಾಕಿದೆವು, ಉಳಿದವರೂ ಹಾಕಿದರು. ಬುಟ್ಟಿಯನ್ನು ಓಣಿಯ ತುದಿಗೆ ಒಯ್ದಿಟ್ಟು ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

“ಅಕ್ಕಾ, ಈಗ ಯಾರ ಹಂತ್ಯಾಕೂ ಫೋನಿಲ್ಲ. ನಾನೂ ಹೊರಗ ಹೋಗ್ತೀನಿ. ಮಾವಗ ಏನ್ ಹೇಳೋದೈತಿ ಹೇಳಿ ಬಿಡಕ್ಕಾ.”

ಹಂಪವ್ವ ಗಂಡನ ಮುಖ ನೋಡಿದಳು. ಸೆರಗು ತೆಗೆದಳು. ಬಾಯಿ ತೆರೆದಳು. ದನಿ ಹೊರಡಲಿಲ್ಲ. ಸಾದಾ ಮಾತಿನಲ್ಲೇ ಹೇಳಿದಳು:

“ಬರವಲ್ದೋ ತಮ್ಮಾ. ಬಾಯಿ ತಗದ್ರ ಆ ಬಡಿತ ಕೇಳಸ್ತೈತಿ.”

ಅವಳು ಎತ್ತಿಕೊಡದೆ ಬೇರೆ ಹೆಂಗಸರು ಶುರು ಮಾಡುವಂತಿರಲಿಲ್ಲ. ಲಕ್ಷ್ಮಣಪ್ಪನನ್ನು ಹಾಗೇ ಎತ್ತಿದೆವು. ಚಟ್ಟದ ಮುಂದಿನ ಎಡಗಡೆಗೆ ಜಿಲಾನಿ ಹೆಗಲು ಕೊಟ್ಟಿದ್ದ. ಇಷ್ಟು ವರ್ಷ ಚೀಲ ಹೊತ್ತ ಹೆಗಲು, ಒಮ್ಮೆಯೂ ಬದಲಿ ಕೇಳಲಿಲ್ಲ. ದಾರಿಯುದ್ದಕ್ಕೂ ನಮ್ಮ ಕಾಲಿನ ಸಪ್ಪಳ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.