ಇಲಿಗಳ ಲಿವರ್ ಮತ್ತು ನನ್ನ ಕಂಪ್ಯೂಟರ್ ಸುಳ್ಳು

ನಿಮಗೆ ನಾನೊಂದು ಸುಳ್ಳು ಹೇಳಿದ್ದೇನೆ. ಒಂದು ಸಲ ಅಲ್ಲ, ಇದೇ ಅಂಕಣದಲ್ಲಿ ಮೂರ್ನಾಲ್ಕು ಸಲ. ನನ್ನ ಮಗಳು ಸವಿತಾ ‘ಕಂಪ್ಯೂಟರ್ ಕೆಲಸ’ದಲ್ಲಿದ್ದಾಳೆ ಅಂತ ಬರೆದಿದ್ದೆನಲ್ಲ, ಅದು.

ಸವಿತಾ ಇಲಿಗಳನ್ನು ಕೊಯ್ಯುತ್ತಾಳೆ. ಇಲ್ಲೇ ಹೈದರಾಬಾದಿನ ತಾರ್ನಾಕಾ ಕಡೆಯ ಒಂದು ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ಕೂತು, ಇಲಿಯ ಲಿವರಿನಲ್ಲಿ ಯಾವ ಜೀನ್ ಕೆಲಸ ಮಾಡುತ್ತಿದೆ, ಯಾವುದು ಸುಮ್ಮನಾಗಿದೆ ಅಂತ ನೋಡುವುದು ಅವಳ ಪಿಎಚ್‌.ಡಿ. ನಾವೋ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಜಿರಲೆಗೂ ದಾರಿ ಬಿಡುವವರು. ಗುಲಬರ್ಗಾದಿಂದ ಕನ್ಯಾ ನೋಡಲು ಬಂದವರೆದುರು ಈ ಮಾತು ಹೇಗೆ ತೆಗೆಯಲಿ? ಕಂಪ್ಯೂಟರ್ ಅಂದುಬಿಟ್ಟೆ. (ಹೈದರಾಬಾದಿನಲ್ಲಿ ಆ ಉತ್ತರಕ್ಕೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಬೇಕಾದರೆ ಹೇಳಿ ನೋಡಿ.) ಸವಿತಾ ಅಲ್ಲೇ ನಿಂತಿದ್ದಳು. ಚಹಾದ ಟ್ರೇ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ನಮ್ಮ ಯಜಮಾನರ ಕಾಲಿಗೆ ಜಾಲಿ ಮುಳ್ಳು ನಟ್ಟಿತು.

ಏರ್‌ಪೋರ್ಟ್ ಬಂತು ಅಂತ ಎಲ್ಲರಂತೆ ನಾವೂ ಶಂಶಾಬಾದಿನಲ್ಲಿ ಒಂದು ಪ್ಲಾಟು ಹಿಡಿದಿದ್ದೇವೆ. ಅದು ಎದ್ದು ಎಲ್ಲಿಗೂ ಹೋಗಿಲ್ಲವಷ್ಟೇ ಅಂತ ಇವರು ಆಗಾಗ ಹೋಗಿ ನೋಡಿ ಬರುತ್ತಾರೆ. ವಿದ್ಯುತ್ ಇಲಾಖೆಯಿಂದ ರಿಟೈರ್ ಆದವರು. ನಮ್ಮ ಹಿಂದೆಯೇ ತಿರುಗುತ್ತಾ ಲೈಟು, ಫ್ಯಾನಿನ ಸ್ವಿಚ್ ಆರಿಸುವುದು ಬಿಟ್ಟರೆ ಬೇರೆ ಹವ್ಯಾಸ ಇಲ್ಲ. ಅಲ್ಲಿ ನಟ್ಟ ಮುಳ್ಳನ್ನು ಸೇಫ್ಟಿ ಪಿನ್ನಿನಲ್ಲಿ ಕೆದಕಿ ತೆಗೆದರು, ಏನಾಗುವುದಿಲ್ಲ ಬಿಡು ಅಂದರು. ನಾಲ್ಕನೇ ದಿನ ನಡುಕ, ಜ್ವರ. ಕಾಲು ಮೊಣಕಾಲಿನ ತನಕ ಊದಿತು. ಮರುದಿನ ಮಾತು ತೊದಲಿತು, ನನ್ನನ್ನೇ ಯಾರು ಅಂದರು. ಐಸಿಯುಗೆ ಸೇರಿಸಿದೆವು. ಸೆಪ್ಸಿಸ್, ಸೋಂಕು ರಕ್ತಕ್ಕೆ ಏರಿದೆ ಅಂದರು ಡಾಕ್ಟರು. ಎರಡು ದಿನ ಬಿಟ್ಟು ಕಣ್ಣು ಹಳದಿಯಾದವು.

ಮುಳ್ಳು ನಟ್ಟಿದ್ದು ಕಾಲಿಗೆ, ಲಿವರ್ ಏನು ತಪ್ಪು ಮಾಡಿತ್ತು? ಡಾಕ್ಟರನ್ನು ಕೇಳಿದೆ. ತೆಲುಗಿನಲ್ಲಿ ಒಂದೇ ಮಾತು: “ಚೂದ್ದಾಂ ಅಮ್ಮಾ.” ನೋಡೋಣ ಅಂತ. ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ.

ಹೊರಗಿನ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನನ್ನನ್ನು ಕೂರಿಸಿ ಬಿಡಿಸಿ ಹೇಳಿದವಳು ಸವಿತಾ. ಮೈಯಲ್ಲಿ ಸೋಂಕು ಹಬ್ಬಿತೆಂದರೆ ಲಿವರಿಗೆ ಸುದ್ದಿ ಮುಟ್ಟುತ್ತದಂತೆ. ಕೂಡಲೇ ಅಲ್ಲಿ ಜೀನ್‌ಗಳ ಸ್ವಿಚ್‌ಬೋರ್ಡೇ ಬದಲಾಗುತ್ತದಂತೆ. ಹೋರಾಟಕ್ಕೆ ಬೇಕಾದವು ಆನ್. ಪಿತ್ತ ಹೊರಹಾಕುವಂಥ ದಿನನಿತ್ಯದ ಕೆಲಸದವು ಎಷ್ಟೋ ಆಫ್. ಹಳದಿ ಬಂದದ್ದು ಅದಕ್ಕೇ ಇರಬಹುದು ಅಂದಳು. ಕೆಲವರ ಲಿವರಿನಲ್ಲಿ ಆ ಸ್ವಿಚ್‌ಗಳು ಮತ್ತೆ ಹತ್ತುತ್ತವೆ, ಕೆಲವರಲ್ಲಿ ಹತ್ತುವುದಿಲ್ಲ. ಯಾಕೆ? ಇಲಿಗಳಿಗೆ ಸೋಂಕು ಹತ್ತಿಸಿ ಅವಳು ಹುಡುಕುತ್ತಿರುವುದೇ ಅದನ್ನು.

“ನಿಮ್ಮಪ್ಪ ಒಳಗೂ ಸ್ವಿಚ್ ಆರಿಸ್ಕೋತ ಹೊಂಟಾರ ನೋಡು,” ಅಂದೆ. ನಗಿಸಬೇಕು ಅಂತ ಅಂದದ್ದು, ನನಗೇ ಅಳು ಬಂತು.

ಕಣ್ಣೊರೆಸಿಕೊಂಡು ಕೇಳಿದೆ. “ನಿನ್ನ ಇಲಿಯೊಳಗ ಎಷ್ಟು ಬದುಕಿದವು?”

ಅವಳು ತನ್ನ ಕೈ ನೋಡಿಕೊಂಡಳು. “ಬದುಕತಾವೋ ಇಲ್ಲೋ ಅಂತ ನಾವು ಕಾಯೂದಿಲ್ಲವ್ವಾ. ಅದಕ್ಕಿಂತ ಮೊದಲಽ ಲಿವರ್ ತಗೀತೀವಿ.” ಆಮೇಲೆ ಮೆಲ್ಲಗೆ, “ನನ್ನ ಇಲಿ ಬಗ್ಗೆ ನೀ ಕೇಳಿದ್ದು ಇದೇ ಮೊದಲು,” ಅಂದಳು.

ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು.

ಮಧ್ಯಾಹ್ನ. ಮೇಲೆ ಫ್ಯಾನು ಗರಗರ, ಎಲ್ಲೋ ಫಿನೈಲ್, ಯಾರದೋ ಡಬ್ಬಿಯ ಪುಳಿಹೋರ ಅನ್ನದ ವಾಸನೆ. ಕಿಟಕಿಯಿಂದ ಬಿಸಿಲು ನನ್ನ ಮಡಿಲಿಗೆ ಬಂದು ಕೂತಿತ್ತು. ಕಣ್ಣು ಎಳೆದವು.

ನಮ್ಮ ಮನೆಯೇ, ಆದರೆ ಕೋಣೆಗಳು ಮುಗಿಯುವುದೇ ಇಲ್ಲ. ಬನಿಯನ್ ಹಾಕಿಕೊಂಡ ಇವರು ಮುಂದೆ ಮುಂದೆ, ಒಂದೊಂದೇ ಸ್ವಿಚ್ ಆರಿಸುತ್ತಾ. ಸಾಕ್ರೀ ಅಂತ ಕೂಗಿದೆ, ದನಿ ಹೊರಡಲಿಲ್ಲ. ಹಚ್ಚೋಣ ಅಂದರೆ ಸ್ವಿಚ್‌ಗೆ ಕೈ ಎಟುಕದು. ಗೋಡೆಗುಂಟ ಬಿಳಿ ಇಲಿಗಳು ಸಾಲಾಗಿ ಕೂತಿದ್ದವು. ಅವಕ್ಕೆ ಎಲ್ಲ ಗೊತ್ತಿತ್ತು. ಯಾವುದಕ್ಕೂ ನನ್ನ ಮೇಲೆ ಸಿಟ್ಟಿರಲಿಲ್ಲ. ಒಂದು ಇಲಿ ಸರಿದು ಜಾಗ ಕೊಟ್ಟಿತು. ಅವುಗಳ ನಡುವೆ ಕೂತೆ, ಎಷ್ಟು ಹಗುರ ಅನಿಸಿತೆಂದರೆ! ಕತ್ತಲೆ ಮೆತ್ತಗಿತ್ತು. ಆಮೇಲೆ ತೀರಾ ದೂರದಲ್ಲಿ, ಅಡುಗೆಮನೆ ಇರಬೇಕು, ಒಂದು ಲೈಟು ಹತ್ತಿತು. ಯಾರೂ ಮುಟ್ಟಿರಲಿಲ್ಲ.

ಎಚ್ಚರಾದಾಗ ಏನೂ ಬದಲಾಗಿರಲಿಲ್ಲ. ಸಂಜೆಯೂ ‘ಚೂದ್ದಾಂ’. ಕನಸಿನಿಂದ ಯಾರಿಗೂ ವಾಸಿಯಾಗುವುದಿಲ್ಲ, ಅಷ್ಟು ನನಗೂ ಗೊತ್ತಿದೆ. ಮೂರು ದಿನದ ಮೇಲೆ ಡಾಕ್ಟರು ಬೇರೆ ಮಾತು ಆಡಿದರು: “ತಗ್ಗಿಂದಿ ಅಮ್ಮಾ.” ಕಡಿಮೆಯಾಗಿದೆ ಅಂತ. ಹಳದಿ ಇಳಿದಿತ್ತು. ಸ್ವಿಚ್ ಯಾರು ಹಚ್ಚಿದರು ಅಂತ ಸವಿತಾಳನ್ನು ಕೇಳಿದೆ. ಸೋಂಕನ್ನು ಕೊಂದದ್ದು ಔಷಧಿ; ಸ್ವಿಚ್ ಲಿವರ್ ತಾನೇ ಹಚ್ಚಿಕೊಂಡಿತು, ಹೇಗೆ ಅನ್ನುವುದು ಇನ್ನೂ ಪೂರ್ತಿ ಗೊತ್ತಿಲ್ಲ ಅಂದಳು. ಗೊತ್ತಿಲ್ಲ ಅನ್ನುವಾಗ ಅವಳ ಮುಖದಲ್ಲಿ ಎಂಥ ಬೆಳಕು! ಅವಳು ಲ್ಯಾಬಿಗೆ ಸೇರಿದ ಈ ನಾಲ್ಕು ವರ್ಷ ಅದನ್ನು ನೋಡದೆ ಕಳೆದೆನಲ್ಲ.

ನಾಲ್ಕು ಜನ ಏನಂದಾರು ಅನ್ನುವ ಭಯವೂ ಒಂದು ಸೋಂಕೇ ಇರಬೇಕು. ಒಮ್ಮೆ ಏರಿತೆಂದರೆ ನಮ್ಮೊಳಗಿನ ಕಾವಲೆಲ್ಲ ಆನ್. ‘ಇವತ್ತು ಕೆಲಸ ಹೆಂಗಾಯ್ತು ಮಗಳೇ’ ಅನ್ನುವ ದಿನನಿತ್ಯದ ಮಾತು ಮಾತ್ರ ಆಫ್. ನಿಮ್ಮ ಮನೆಯಲ್ಲಿ ಹೇಗೆ?

ಇವರು ಈಗ ಕೋಲು ಹಿಡಿದು ಓಡಾಡುತ್ತಾರೆ. ಕೋಲಿನ ತುದಿಯಿಂದಲೇ ಸ್ವಿಚ್ ಆರಿಸುವುದು ಕಲಿತಿದ್ದಾರೆ. ಆರಿಸಲಿ, ನಾನು ಒಂದು ಮಾತೂ ಅನ್ನುವುದಿಲ್ಲ.

ಕಳೆದ ಭಾನುವಾರ ಮತ್ತೊಂದು ಮನೆಯವರು ಕನ್ಯಾ ನೋಡಲು ಬಂದಿದ್ದರು. ಉಪ್ಪಿಟ್ಟು, ಚಹಾ ಆಯಿತು. ಹುಡುಗನ ತಾಯಿ, ಹುಡುಗಿ ಕಂಪ್ಯೂಟರ್ ಕೆಲಸದಲ್ಲಿದ್ದಾಳಂತಲ್ಲ ಅಂತ ಕೇಳಿದರು. ಸವಿತಾ ಆಗಲೇ ಟ್ರೇಗೆ ಕೈ ಹಾಕಿದ್ದಳು.

“ಅಲ್ರೀ. ಇಲಿ ಲಿವರ್ ನೋಡತಾಳ,” ಅಂದೆ. “ನಿಮ್ಮ ಹುಡುಗ ಏನು ನೋಡತಾನ್ರೀ?”