ಇಳಿಜಾರಣ್ಣನ ಬಸ್ಸು

ಆ ಡಿಪೊದ ಡ್ರೈವರುಗಳು ಬಸ್ಸನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸುವುದಿಲ್ಲ. ಬ್ಯಾಟರಿಗಳೆಲ್ಲ ಎಂದೋ ಸತ್ತಿವೆ. ಒಮ್ಮೆ ಎಂಜಿನ್ ಆರಿಸಿದರೆ ಕೀಲಿ ತಿರುಗಿಸಿ ಏಳಿಸುವ ಮಾತೇ ಇಲ್ಲ. ಇಳಿಜಾರು ನೋಡಿ ನಿಲ್ಲಿಸಬೇಕು, ಹೊರಡುವಾಗ ಬ್ರೇಕು ಬಿಟ್ಟು ಉರುಳಿಸಿ ಗೇರು ಹಾಕಬೇಕು. ಇಳಿಜಾರು ಸಿಗದಿದ್ದರೆ ಟಿಕೆಟ್ ಕೊಂಡವರೇ ಇಳಿದು ತಳ್ಳಬೇಕು. ಇಳಿಜಾರು ಹುಡುಕುವುದರಲ್ಲಿ ಅವರಲ್ಲೊಬ್ಬನದು ಎತ್ತಿದ ಕೈ. ಅದಕ್ಕೇ ಜನ ಅವನನ್ನು ಇಳಿಜಾರಣ್ಣ ಎಂದು ಕರೆಯುತ್ತಿದ್ದರು. ಮೊದಮೊದಲು ಅವನೂ ನಗುತ್ತಿದ್ದ.

ಆ ನಗು ನಿಂತದ್ದು ಅಕ್ಕನ ಕಿಡ್ನಿ ಕೈಕೊಟ್ಟ ಮೇಲೆ. ತಾಯಿ ತೀರಿಕೊಂಡಾಗ ಇವನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಕ್ಕ ಮದುವೆಯ ಮಾತನ್ನೇ ಬದಿಗಿಟ್ಟು ನೂಲಿನ ಗಿರಣಿಯಲ್ಲಿ ದುಡಿದು ತಮ್ಮನನ್ನು ಸಾಕಿದಳು. ಆಮೇಲೆ ಗಿರಣಿ ಮುಚ್ಚಿತು. ತೆರೆಸುತ್ತೇವೆ, ತೆರೆಸುತ್ತೇವೆ ಎಂದು ಚುನಾವಣೆಗೊಮ್ಮೆ ಮೂಗಿಗೆ ತುಪ್ಪ ಸವರಿದವರು ಕೊನೆಗೆ ಅದರ ಯಂತ್ರಗಳನ್ನೂ ಗುಜರಿಗೆ ಹಾಕಿಸಿದರು. ಊರಿನ ಆಸ್ಪತ್ರೆಗೆ ರಕ್ತ ಶುದ್ಧಿ ಮಾಡುವ ಯಂತ್ರವೇನೋ ಬಂತು. ಉದ್ಘಾಟನೆಯಾಯಿತು, ಫೋಟೊ ಆಯಿತು. ಅದನ್ನು ನಡೆಸುವ ನರ್ಸನ್ನು ನೇಮಿಸುವುದಕ್ಕೆ ಮಾತ್ರ ಈ ಪುಣ್ಯಾತ್ಮರಿಗೆ ಪುರುಸೊತ್ತು ಸಿಗಲಿಲ್ಲ. ಹಾಗಾಗಿ ಅಕ್ಕ ದಿನ ಬಿಟ್ಟು ದಿನ ತಮ್ಮನ ಬೆಳಗಿನ ಬಸ್ಸಿನಲ್ಲಿ ದೂರದ ಪಟ್ಟಣದ ಆಸ್ಪತ್ರೆಗೆ ಹೋಗಬೇಕಿತ್ತು. ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಸರದಿ ಬೇರೆಯವರ ಪಾಲು.

ಸರ್ಕಾರದ ವಾರ್ಷಿಕೋತ್ಸವ ಬಂತು. ಎಲ್ಲ ಬಸ್ಸುಗಳ ಬೆನ್ನಿಗೂ ಸಾರಿಗೆ ಮಂತ್ರಿಯ ನಗುಮುಖ ಅಂಟಿಸಿದರು. ಕೆಳಗೆ ದಪ್ಪಕ್ಷರದಲ್ಲಿ ‘ನಾಡು ಮುಂದಕ್ಕೆ’.

“ಬ್ಯಾಟರಿಗೆ ಕಾಸಿಲ್ಲ, ಅಂಟಿಗಿದೆ” ಎಂದ ಇಳಿಜಾರಣ್ಣ.

“ಮುಖ ಎಷ್ಟಗಲ ನೋಡಿ. ತಳ್ಳೋಕೆ ಜಾಗಾನೇ ಬಿಟ್ಟಿಲ್ಲ” ಎಂದಳು ಕಂಡಕ್ಟರಮ್ಮ.

ಮಂತ್ರಿ ಹಸಿರು ಬಾವುಟ ತೋರಿಸಬೇಕಾದ ಬಸ್ಸು ಇವನದೇ ಎಂದಾಯಿತು. ಬಸ್ ನಿಲ್ದಾಣದ ಅಂಗಳದಲ್ಲಿ ವೇದಿಕೆ ಹಾಕಿದ್ದರು. ಅಂಗೈಯಂತೆ ಸಪಾಟಾದ ಅಂಗಳ. ಇವನು ಎಂಜಿನ್ ಆರಿಸದೆ ಕಾಯುತ್ತ ಕುಳಿತ. ಡಿಪೊ ಮ್ಯಾನೇಜರ್ ಓಡಿ ಬಂದ.

“ಆರಿಸಯ್ಯಾ. ಭಾಷಣ ಕೇಳಿಸ್ತಿಲ್ಲ.”

“ಆರಿಸಿದ್ರೆ ಏಳಲ್ಲ ಸಾರ್. ನಿಮಗೂ ಗೊತ್ತು.”

“ಹೊಸ ಬ್ಯಾಟರಿ ಹಾಕಿಸಿದೀವಿ ಅಂತ ನಾನೇ ಭಾಷಣಕ್ಕೆ ಬರೆದುಕೊಟ್ಟಿದೀನಿ. ನನ್ನ ಮಾನ ಕಳೀಬೇಡ.”

ಇವನು ಹಿಂದಿರುಗಿ ನೋಡಿದ. ಮೊದಲ ಸೀಟಿನಲ್ಲಿ ಅಕ್ಕ ಕಾಯಿಲೆಗೆ ಬಾತುಕೊಂಡ ಮುಖ ಹೊತ್ತು ಕುಳಿತಿದ್ದಳು. “ಆರಿಸಿಬಿಡೋ. ಕೆಲಸ ಕಳ್ಕೊಂಡು ಏನ್ ಮಾಡ್ತೀಯಾ?” ಎಂದಳು. ಇವನು ಹಲ್ಲು ಕಚ್ಚಿಕೊಂಡು ಆರಿಸಿದ. ಆ ಕೈಯನ್ನು ಅಲ್ಲೇ ಮುರಿದುಕೊಳ್ಳಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು.

ಮಂತ್ರಿ ಮಾತಾಡಿದ. ಸಾರಿಗೆ ಸುಧಾರಿಸಿದೆ, ಆಸ್ಪತ್ರೆ ಮನೆಬಾಗಿಲಿಗೆ ಬಂದಿದೆ, ಉದ್ಯೋಗ ಹೊಳೆಯಂತೆ ಹರಿಯುತ್ತಿದೆ ಎಂದ. ಮಾತಿಗೇನು, ಪುಕ್ಕಟೆ. ಕೊನೆಗೂ ಬಾವುಟ ಬೀಸಿದ. ಇವನು ಕೀಲಿ ತಿರುಗಿಸಿದ. ಟಕ್ ಎಂದಿತು, ಅಷ್ಟೇ. ಇನ್ನೊಮ್ಮೆ ತಿರುಗಿಸಿದ. ಜಪ್ಪಯ್ಯ ಅಂದರೂ ಏಳಲಿಲ್ಲ.

ಆಗ ದಿನಾ ಓಡಾಡುವ ಪ್ರಯಾಣಿಕರು, ಯಾರೂ ಹೇಳದೆಯೇ, ಚೀಲಗಳನ್ನು ಸೀಟಿನ ಮೇಲಿಟ್ಟು ಸಾಲಾಗಿ ಇಳಿಯತೊಡಗಿದರು. ಸೆರಗು ಬಿಗಿದುಕೊಂಡು ತರಕಾರಿಯವಳು ಎಡಕ್ಕೆ ಹೋದಳು, ಕನ್ನಡಕ ಜೇಬಿಗಿಳಿಸಿ ಮೇಷ್ಟ್ರು ಬಲಕ್ಕೆ ಹೋದರು. ಮ್ಯಾನೇಜರನ ಜೀವ ಬಾಯಿಗೆ ಬಂತು.

“ಹತ್ತಿ, ಹತ್ತಿ, ಕ್ಯಾಮೆರಾ ಇದೆ. ಬ್ಯಾಟರಿ ತರಿಸ್ತೀನಿ, ಸುಮ್ನೆ ಕೂತ್ಕೊಳಿ.”

ಎಲ್ಲರೂ ಮತ್ತೆ ಹತ್ತಿದರು. ಎಲ್ಲಿಯ ಬ್ಯಾಟರಿ? ಇದ್ದರಲ್ಲವೇ ತರಿಸುವುದು? ಮಂತ್ರಿ ನೆರಳಲ್ಲಿ ಕುಳಿತು ತಂಪು ಪಾನೀಯ ಕುಡಿಯುತ್ತಿದ್ದ. ಬಿಸಿಲೇರಿತು. ಅಕ್ಕ ಬಾಯಿ ತೆರೆದು ಉಸಿರಾಡತೊಡಗಿದಳು. ಇಳಿಜಾರಣ್ಣನ ಪಿತ್ತ ನೆತ್ತಿಗೇರಿತು. ಬಾಗಿಲು ಒದ್ದು ಕೆಳಗಿಳಿದ.

“ಎಲ್ಲಾರೂ ಇಳೀರಿ. ತಳ್ಳಿ.”

“ಸಸ್ಪೆಂಡ್ ಆಗ್ತೀಯಾ.”

“ಆಗ್ತೀನಿ. ನಮ್ಮಕ್ಕ ಸತ್ರೆ ನಿಮ್ಮ ಮಂತ್ರಿ ಬಂದು ಹೆಗಲು ಕೊಡ್ತಾನಾ?”

ಮಂತ್ರಿಗೆ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು. ಮ್ಯಾನೇಜರ್ ಕೈಮುಗಿಯುವುದೊಂದು ಬಾಕಿ. “ಫೋಟೊ ಮೇಲೆ ಕೈ ಇಡಬೇಡಿ ಮಾರಾಯ್ರೇ, ಅಂಚಲ್ಲಿ ತಳ್ಳಿ” ಎಂದು ಬೇಡಿಕೊಂಡ. ಜನ ಪಾಪ, ನಗುಮುಖವನ್ನು ಬಿಟ್ಟು ಅಂಚು ಹಿಡಿದು ಏದುಸಿರು ಬಿಡುತ್ತ ತಳ್ಳಿದರು. ಅಂಚಿನ ಬಲ ಎಷ್ಟು? ಬಸ್ಸು ಎದ್ದಿತು, ಆದರೆ ಎಷ್ಟೋ ಹೊತ್ತಿನ ಮೇಲೆ.

ಆಸ್ಪತ್ರೆಯಲ್ಲಿ ನರ್ಸಮ್ಮ ತಲೆ ತಗ್ಗಿಸಿದಳು. “ಬೇರೆಯವರನ್ನ ಮಲಗಿಸಿಬಿಟ್ಟೆ ಅಣ್ಣಾ. ನಾಳೆ ಬೆಳಿಗ್ಗೆ ಮೊದಲ ಸರದಿ ನಿಮ್ಮದೇ. ದಯವಿಟ್ಟು ತಪ್ಪಿಸಬೇಡಿ, ಇನ್ನೊಂದು ದಿನ ಇವರು ತಡೆಯಲ್ಲ.” ಅವಳ ಮೇಲೆ ಸಿಟ್ಟಾಗಿ ಏನು ಪ್ರಯೋಜನ? ಅವಳ ಹಿಂದೆ ಕೆಟ್ಟು ನಿಂತ ಯಂತ್ರಗಳಿಗೆ ಬಟ್ಟೆ ಹೊದಿಸಿಟ್ಟಿದ್ದರು.

ಸಂಜೆ ಡಿಪೊ ಸೇರುವಷ್ಟರಲ್ಲಿ ಸಸ್ಪೆನ್ಷನ್ ಆದೇಶ ಇವನಿಗಿಂತ ಮೊದಲೇ ಬಂದು ಕುಳಿತಿತ್ತು. ವರ್ಷಗಟ್ಟಲೆ ಕೇಳಿದರೂ ಒಂದು ಬ್ಯಾಟರಿ ಕಳಿಸಲಾಗದ ಸರ್ಕಾರ ಆ ಕಾಗದವನ್ನು ಅದೇ ದಿನ ಕಳಿಸಿತ್ತು. ಇವರ ಕೈಲಿ ಬೇಗ ಆಗುವ ಕೆಲಸ ಇದೊಂದೇ.

ಮರುದಿನ ಬೆಳಿಗ್ಗೆ ಇಳಿಜಾರಣ್ಣ ಖಾಕಿಯಿಲ್ಲದೆ, ಅಕ್ಕನ ರಟ್ಟೆ ಹಿಡಿದುಕೊಂಡು ನಿಲ್ದಾಣಕ್ಕೆ ಬಂದ. ಅದೇ ಬಸ್ಸು. ಬೇರೆ ಊರಿಂದ ಕರೆಸಿದ್ದ ಹೊಸ ಡ್ರೈವರ್ ಏನೂ ಅರಿಯದೆ ಅದೇ ಸಪಾಟು ಅಂಗಳದಲ್ಲಿ ಎಂಜಿನ್ ಆರಿಸಿ ಟೀ ಕುಡಿಯಲು ಹೋಗಿದ್ದ. ಬಂದು ಕೀಲಿ ತಿರುಗಿಸಿದ. ಟಕ್.

ಇಳಿಜಾರಣ್ಣ ಅಕ್ಕನನ್ನು ಮೊದಲ ಸೀಟಿನಲ್ಲಿ ಕೂರಿಸಿ ಇಳಿದು ಹಿಂದಕ್ಕೆ ಹೋದ. ಜನ ಆಗಲೇ ಇಳಿದಿದ್ದರು, ನಿನ್ನೆಯ ಹೆದರಿಕೆಗೆ ಅಂಚು ಹಿಡಿದು ನಿಂತಿದ್ದರು. ಇವನು ನೇರ ನಡುವಿಗೆ ನಡೆದ. ಎರಡೂ ಅಂಗೈಯನ್ನು ಮಂತ್ರಿಯ ಹಲ್ಲುಗಳ ಮೇಲೆ ಊರಿದ.

“ಅಂಚು ಬಿಡಿ, ಇಲ್ಲಿ ಬನ್ನಿ. ಬಲ ಸಿಗೋದು ಇಲ್ಲೇ.”

ಮೊದಲು ತರಕಾರಿಯವಳು ಬಂದಳು. ಮೇಷ್ಟ್ರು ಬಂದರು. ಆಮೇಲೆ ಎಲ್ಲರೂ ಬಂದರು. ಅಂಗೈಗಳ ಕೆಳಗೆ ಕಾಗದ ಸುಕ್ಕಾಗಿ ಹರಿಯಿತು, ಬಸ್ಸು ಕದಲಿತು. ಒಳಗೆ ಅಕ್ಕ ಕೆಮ್ಮುವುದು ಕೇಳಿಸಿತು. ಅವನು ಇನ್ನೂ ಜೋರಾಗಿ ತಳ್ಳಿದ.